ಟೀಚರಾಗಲು ಹೊರಟವರಿಗೆ ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್ ಎಷ್ಟು ಒದಗುತ್ತದೆ?

ಪ್ಲಸ್ ಟು, ಅಂದರೆ ಹನ್ನೆರಡನೇ ತರಗತಿಯ ಫಲಿತಾಂಶ ಬಂದ ಮೇಲೆ ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಕಾಸರಗೋಡು, ಮಂಜೇಶ್ವರ ಕಡೆಯ ಮನೆಗಳಲ್ಲಿ ಏಳುವ ಪ್ರಶ್ನೆ ಇದು: "ಮಗಳಿಗೆ ಟೀಚರಾಗಬೇಕಂತೆ, ಅದಕ್ಕೆ ಯಾವ ಸ್ಕಾಲರ್‌ಶಿಪ್ ಉಂಟು?" 2020 ರ ರಾಷ್ಟ್ರೀಯ ಶಿಕ್ಷಣ ನೀತಿ ಈ ಮಗಳನ್ನೇ ಎದುರಿಗೆ ಕೂರಿಸಿಕೊಂಡಂತೆ ಒಂದು ಮಾತು ಹೇಳಿದೆ. ನಾಲ್ಕು ವರ್ಷದ ಬಿ.ಎಡ್. ಓದುವವರಿಗೆ ಪ್ರತಿಭೆಯ ಆಧಾರದಲ್ಲಿ ಸ್ಕಾಲರ್‌ಶಿಪ್ ಕೊಡಬೇಕು, ಹಳ್ಳಿಗಳ ಮಕ್ಕಳಿಗೆ ಓದು ಮುಗಿದ ಮೇಲೆ ತಮ್ಮ ಊರಿನ ಕಡೆಯೇ ಕೆಲಸದಲ್ಲಿ ಆದ್ಯತೆ ಸಿಗಬೇಕು ಎಂಬುದು ಅದರ 5.2 ನೇ ಪ್ಯಾರಾ. ಆದರೆ ಇವತ್ತು ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್ ತೆರೆದರೆ ಹೆಚ್ಚಿನ ಮಕ್ಕಳ ಕೈಗೆಟಕುವುದು ಎಲ್ಲ ಪದವಿ ವಿದ್ಯಾರ್ಥಿಗಳಿಗೂ ಇರುವ ಒಂದು ಸಾಮಾನ್ಯ ಯೋಜನೆ: ಪಿಎಂ-ಯುಎಸ್‌ಪಿ ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್. ಅಧ್ಯಾಪಕರಾಗುವ ದಾರಿಗೆ ಇದು ಎಲ್ಲಿಯವರೆಗೆ ಜೊತೆ ಬರುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ಗಡಿನಾಡಿನ ಕನ್ನಡ ಮಕ್ಕಳ ಕಡೆಯಿಂದ ನೋಡುವುದು ಈ ವಿಮರ್ಶೆಯ ಕೆಲಸ.

ಮೊದಲು ದುಡ್ಡಿನ ಲೆಕ್ಕ. ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ. ಅದರ ಬೆನ್ನಿಗೇ ಎಂ.ಎ., ಎಂ.ಎಸ್ಸಿ., ಎಂ.ಕಾಂ. ಸೇರಿದರೆ ಎರಡು ವರ್ಷ 20,000 ದಂತೆ. ಇಂಟಿಗ್ರೇಟೆಡ್ ಕೋರ್ಸಾದರೆ ನಾಲ್ಕನೇ ಮತ್ತು ಐದನೇ ವರ್ಷಕ್ಕೆ 20,000. ಐದು ವರ್ಷ ತಪ್ಪದೆ ಪಡೆದವರಿಗೆ ಒಟ್ಟು 76,000 ರೂಪಾಯಿ. ತಿಂಗಳಿಗೆ ಸಾವಿರ ಎಂದರೆ ಹಾಸ್ಟೆಲಿನ ಮೆಸ್ ಬಿಲ್ ಪೂರ್ತಿ ತೀರದು. ಆದರೂ ಪೈವಳಿಕೆಯಿಂದಲೋ ಬೆಳ್ಳೂರಿನಿಂದಲೋ ಹೊರಟು ವಿದ್ಯಾನಗರದ ಸರಕಾರಿ ಕಾಲೇಜಿಗೋ ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಸರಕಾರಿ ಕಾಲೇಜಿಗೋ ಹೋಗುವ ಹುಡುಗಿಗೆ ಫೀಸು, ಪುಸ್ತಕ, ಬಸ್ಸು ಇಷ್ಟನ್ನು ಮನೆಯವರ ಕೈನೋಡದೆ ನಡೆಸಿಕೊಳ್ಳಲು ಸಾಕು. ಯಾವ ಬಾಂಡೂ ಇಲ್ಲ, ಹಿಂದೆ ಕೊಡಬೇಕಾದ ಷರತ್ತೂ ಇಲ್ಲ.

ಇನ್ನು ಯಾರಿಗೆ ಸಿಗುತ್ತದೆ ಎಂಬುದು. ಇಡೀ ದೇಶಕ್ಕೆ ವರ್ಷಕ್ಕೆ 82,000 ಹೊಸ ಸ್ಕಾಲರ್‌ಶಿಪ್, ಅದರಲ್ಲಿ ಅರ್ಧ ಹುಡುಗಿಯರಿಗೆ. 18 ರಿಂದ 25 ವಯಸ್ಸಿನವರ ಜನಸಂಖ್ಯೆ ನೋಡಿ ರಾಜ್ಯವಾರು ಹಂಚುತ್ತಾರೆ, ಆಮೇಲೆ ಆಯಾ ಬೋರ್ಡಿಗೆ. ಹನ್ನೆರಡನೇ ತರಗತಿಯಲ್ಲಿ ತಮ್ಮ ಬೋರ್ಡಿನ 80 ನೇ ಪರ್ಸೆಂಟೈಲಿಗಿಂತ ಮೇಲಿರಬೇಕು, ಕುಟುಂಬದ ವಾರ್ಷಿಕ ವರಮಾನ ನಾಲ್ಕೂವರೆ ಲಕ್ಷ ದಾಟಬಾರದು. ಪರ್ಸೆಂಟೈಲ್ ಎಂಬುದನ್ನು ಶೇಕಡಾ ಎಂದು ಓದಿಕೊಂಡು ನಿರಾಶರಾಗುವವರೇ ಹೆಚ್ಚು. 80 ನೇ ಪರ್ಸೆಂಟೈಲ್ ಎಂದರೆ ಪರೀಕ್ಷೆ ಬರೆದ ನೂರು ಮಂದಿಯಲ್ಲಿ ಎಂಬತ್ತು ಮಂದಿಗಿಂತ ಮೇಲೆ ಇರುವುದು. ಕೇರಳದ ಪ್ಲಸ್ ಟುವಿನಲ್ಲಿ ಅಂಕಗಳು ಧಾರಾಳವಾಗಿ ಬರುತ್ತವೆ, ಹಾಗಾಗಿ ಆ ಗೆರೆ ಶೇ. 80 ಕ್ಕಿಂತ ಬಹಳ ಮೇಲೆ ಬಂದು ನಿಲ್ಲುತ್ತದೆ. 1200 ಕ್ಕೆ 980 ಬಂದಿದೆ, ಶೇ. 80 ದಾಟಿತಲ್ಲ ಎಂದು ನಂಬಿ ಬೇರೆ ಯಾವ ಅರ್ಜಿಯನ್ನೂ ಹಾಕದೆ ಕುಳಿತರೆ ಆ ವರ್ಷ ಇದೂ ಕೈತಪ್ಪುತ್ತದೆ, ಬೇರೆಯದೂ ಕೈತಪ್ಪುತ್ತದೆ. ಗೆರೆ ದಾಟಿದವರಿಗೆಲ್ಲ ಸಿಗುತ್ತದೆಂದೂ ಇಲ್ಲ, ದಾಟಿದವರ ನಡುವೆ ಮತ್ತೆ ಅಂಕದ ಪಟ್ಟಿ ಇರುತ್ತದೆ.

ಅಧ್ಯಾಪಕರಾಗುವವರು ಗಮನಿಸಲೇಬೇಕಾದ ಸಂಗತಿ ಈ ಪಟ್ಟಿಯ ಒಳಗಿದೆ. ಬೋರ್ಡಿಗೆ ಬಂದ ಸಂಖ್ಯೆಯನ್ನು ಸಯನ್ಸ್, ಕಾಮರ್ಸ್, ಹ್ಯುಮಾನಿಟೀಸ್ ಎಂದು 3:2:1 ಪ್ರಮಾಣದಲ್ಲಿ ಹಂಚುತ್ತಾರೆ. ಅಂದರೆ ಹ್ಯುಮಾನಿಟೀಸಿಗೆ ಸಿಗುವುದು ಆರರಲ್ಲಿ ಒಂದು ಪಾಲು. ನಮ್ಮಲ್ಲಿ ಕನ್ನಡ ಅಧ್ಯಾಪಕರು, ಸಮಾಜ ವಿಜ್ಞಾನದ ಅಧ್ಯಾಪಕರು ಬಹುಮಟ್ಟಿಗೆ ಬರುವುದು ಹ್ಯುಮಾನಿಟೀಸ್ ಓದಿದವರಿಂದ. ಕನ್ನಡ ಮಾಧ್ಯಮದ ಶಾಲೆಗಳಿಗೆ ಕನ್ನಡ ಬಾರದವರನ್ನು ನೇಮಿಸಿದರೆಂದು ಮಕ್ಕಳೂ ಪೋಷಕರೂ ಬೀದಿಗಿಳಿಯಬೇಕಾಗಿ ಬಂದ ಜಿಲ್ಲೆ ಇದು. ಇಂಥ ಕಡೆ ಕನ್ನಡ ಕಲಿಸಲು ಹೊರಡುವ ಮಗುವಿಗೇ ಅತಿ ಸಣ್ಣ ಪಾಲು ಇಟ್ಟಿರುವುದು ಈ ಯೋಜನೆಯ ದೊಡ್ಡ ಕೊರತೆ. ಅದೇ ಹೊತ್ತಿಗೆ, ಕನ್ನಡ ಮಾಧ್ಯಮದಲ್ಲಿ ಗಣಿತ, ಭೌತಶಾಸ್ತ್ರ ಕಲಿಸುವ ಮನಸ್ಸಿದ್ದು ಪ್ಲಸ್ ಟುವಿನಲ್ಲಿ ಸಯನ್ಸ್ ತೆಗೆದುಕೊಂಡವರಿಗೆ ಬಾಗಿಲು ಹೆಚ್ಚು ಅಗಲವಾಗಿದೆ. ಹೈಸ್ಕೂಲಿನ ಕನ್ನಡ ಮಾಧ್ಯಮ ಗಣಿತಕ್ಕೆ ಪಿಎಸ್‌ಸಿ ಪ್ರತ್ಯೇಕವಾಗಿ ಹುದ್ದೆ ಕರೆಯುತ್ತದೆ ಎಂಬುದನ್ನು ಅವರು ಮರೆಯಬಾರದು.

ಟೀಚರಾಗುವ ದಾರಿ ಒಂದೇ ಅಲ್ಲ. ಎಲ್‌ಪಿ ಮತ್ತು ಯುಪಿಗೆ, ಅಂದರೆ ಕಿರಿಯ ಮತ್ತು ಹಿರಿಯ ಪ್ರಾಥಮಿಕಕ್ಕೆ, ಪ್ಲಸ್ ಟು ಮುಗಿಸಿ ಎರಡು ವರ್ಷದ ಡಿ.ಎಲ್.ಎಡ್., ಅಂದರೆ ಹಳಬರು ಇಂದಿಗೂ ಟಿಟಿಸಿ ಎನ್ನುವುದು. ಅದನ್ನು ಕಲಿಸುವ ಮಾಯಿಪ್ಪಾಡಿಯ ಡಯಟ್ (ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆ) ಎಂದರೆ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಈ ದಾರಿಗೆ ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್ ಒಂದು ಪೈಸೆ ಕೊಡುವುದಿಲ್ಲ, ಏಕೆಂದರೆ ಡಿ.ಎಲ್.ಎಡ್. ಡಿಪ್ಲೊಮಾ, ಈ ಯೋಜನೆ ರೆಗ್ಯುಲರ್ ಪದವಿಗೆ ಮಾತ್ರ. ಅರ್ಜಿಯಲ್ಲಿ ಕೋರ್ಸಿನ ಹೆಸರೇ ಸಿಗದೆ, ಯಾವುದೋ ಒಂದನ್ನು ಒತ್ತಿ ಮುಂದೆ ಹೋದವರ ಅರ್ಜಿ ಪರಿಶೀಲನೆಯಲ್ಲಿ ತಿರಸ್ಕಾರವಾಗುತ್ತದೆ. ದೂರ ಶಿಕ್ಷಣದಲ್ಲಿ ಪದವಿ ಮಾಡುವವರಿಗೂ ಇದು ಇಲ್ಲ.

ಹೈಸ್ಕೂಲಿಗೆ ಪದವಿ, ಆಮೇಲೆ ಬಿ.ಎಡ್., ಆಮೇಲೆ ಕೇರಳದ ಶಿಕ್ಷಕ ಅರ್ಹತಾ ಪರೀಕ್ಷೆ ಕೆ-ಟೆಟ್‌ನ ಮೂರನೇ ಕ್ಯಾಟಗರಿ. ಇಲ್ಲಿ ಪದವಿಯ ಮೂರು ವರ್ಷದ 36,000 ಸಿಗುತ್ತದೆ. ಬಿ.ಎಡ್. ಒಂದು ವರ್ಷದ್ದಾಗಿದ್ದ ಕಾಲ 2015 ಕ್ಕೆ ಮುಗಿಯಿತು, ಈಗ ಎರಡು ವರ್ಷ. ಹೆಚ್ಚು ಖರ್ಚಿನ, ಟೀಚಿಂಗ್ ಪ್ರಾಕ್ಟಿಸಿಗೆ ದಿನವೂ ಓಡಾಡಬೇಕಾದ ಆ ಎರಡು ವರ್ಷಕ್ಕೆ ಹಣವಿಲ್ಲ. ಬಿ.ಎಡ್. ಪದವಿಯ ನಂತರ ಓದುವುದಾದರೂ ಸ್ನಾತಕೋತ್ತರ ಕೋರ್ಸಲ್ಲ, ಹಾಗಾಗಿ 20,000 ದ ಸಾಲಿಗೆ ಸೇರುವುದಿಲ್ಲ. ಬಿ.ಎಡ್. ಸೇರಿ ಹೊಸದಾಗಿ ಅರ್ಜಿ ಹಾಕೋಣವೆಂದರೆ ಹೊಸ ಅರ್ಜಿ ಪ್ಲಸ್ ಟು ಮುಗಿಸಿ ಪದವಿಯ ಮೊದಲ ವರ್ಷಕ್ಕೆ ಸೇರಿದಾಗ ಮಾತ್ರ. ಟೀಚರಾಗಬೇಕೆಂಬ ಯೋಚನೆ ಮೂರನೇ ವರ್ಷದಲ್ಲಿ ಬಂದವರಿಗೆ ಈ ಬಾಗಿಲು ಆಗಲೇ ಮುಚ್ಚಿರುತ್ತದೆ.

ಹೈಯರ್ ಸೆಕೆಂಡರಿ ಅಧ್ಯಾಪಕರಾಗಲು ಎಂ.ಎ. ಅಥವಾ ಎಂ.ಎಸ್ಸಿ., ಬಿ.ಎಡ್., ಜೊತೆಗೆ ಸೆಟ್ ಎಂಬ ರಾಜ್ಯದ ಅರ್ಹತಾ ಪರೀಕ್ಷೆ ಬೇಕು. ಯೋಜನೆ ಚೆನ್ನಾಗಿ ಹೊಂದುವುದು ಇವರಿಗೆ. ಪದವಿ, ಅದರ ಹಿಂದೆಯೇ ಎಂ.ಎ., ಹೀಗೆ ಐದು ವರ್ಷದ 76,000 ಪಡೆದು ಕೊನೆಗೆ ಬಿ.ಎಡ್. ಮಾಡಬೇಕು. ಬಿ.ಎಡ್. ಅನ್ನು ನಡುವೆ ತುರುಕಿದರೆ ಸರಪಳಿ ತುಂಡಾಗುತ್ತದೆ, ಎಂ.ಎ.ಯ 40,000 ಹೋಗುತ್ತದೆ. ವಿಷಯದ ಮೇಲೆ ಹಿಡಿತ ಬಂದ ಮೇಲೆ ಕಲಿಸುವುದನ್ನು ಕಲಿಯುವುದು ಹೇಗೂ ಒಳ್ಳೆಯದೇ.

ನಾಲ್ಕನೆಯದು ಹೊಸ ದಾರಿ, ನಾಲ್ಕು ವರ್ಷದ ಐಟೆಪ್, ಅಂದರೆ ಇಂಟಿಗ್ರೇಟೆಡ್ ಟೀಚರ್ ಎಜುಕೇಶನ್ ಪ್ರೋಗ್ರಾಂ. ಪದವಿ ಮತ್ತು ಬಿ.ಎಡ್. ಒಟ್ಟಿಗೆ ಸಿಗುವ ಈ ಕೋರ್ಸನ್ನು ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ 2023 ರಲ್ಲಿ ಶುರುಮಾಡಿತು. ಪ್ರವೇಶ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ಎನ್‌ಟಿಎ ನಡೆಸುವ ಎನ್‌ಸಿಇಟಿ ಪ್ರವೇಶ ಪರೀಕ್ಷೆಯ ಮೂಲಕ. ಆ ಪರೀಕ್ಷೆಯನ್ನು 13 ಭಾಷೆಗಳಲ್ಲಿ ಬರೆಯಬಹುದು, ಕನ್ನಡ ಅದರಲ್ಲಿ ಒಂದು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಅರ್ಜಿಯಲ್ಲಿ ಅದನ್ನು ಆರಿಸುವುದನ್ನು ಮರೆಯಬಾರದು. ಸ್ಕಾಲರ್‌ಶಿಪ್ ಲೆಕ್ಕದಲ್ಲಿ ಐಟೆಪ್ ಲಾಭದ್ದು: ಮೂರು ವರ್ಷ 12,000 ದಂತೆ, ನಾಲ್ಕನೇ ವರ್ಷ 20,000, ಒಟ್ಟು 56,000, ಕೈಯಲ್ಲಿ ಬಿ.ಎಡ್. ಕೂಡ ಇರುತ್ತದೆ, ಒಂದು ವರ್ಷ ಉಳಿಯುತ್ತದೆ. ಪೆರಿಯದಲ್ಲಿ ಆರಂಭದ ವಿಷಯಗಳ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ ಎಂಬುದು ನೋವಿನ ಸಂಗತಿ, ಅದೇ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಇರುವಾಗಲಂತೂ.

ಗಡಿ ದಾಟಿ ಓದುವವರ ಪ್ರಶ್ನೆ ಬೇರೆ. ಮಂಜೇಶ್ವರದವರಿಗೆ ಮಂಗಳೂರು ಹತ್ತಿರ, ಅರ್ಧಕ್ಕರ್ಧ ಮಕ್ಕಳ ಕಾಲೇಜು ತಲಪಾಡಿಯಿಂದ ಆಚೆ. ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್ ಕಾಲೇಜು ಯಾವ ರಾಜ್ಯದ್ದೆಂದು ಕೇಳುವುದಿಲ್ಲ, ಮಾನ್ಯತೆ ಇದ್ದರೆ ಆಯಿತು. ಹನ್ನೆರಡನೇ ತರಗತಿ ಯಾವ ಬೋರ್ಡಿನಲ್ಲಿ ಮುಗಿಸಿದಿರೋ ಆ ಬೋರ್ಡಿನ ಪಟ್ಟಿಯಲ್ಲಿ ನಿಮ್ಮ ಸ್ಥಾನ. ಮನೆ ಉಪ್ಪಳದಲ್ಲಿದ್ದು ಪಿಯುಸಿ ಮಂಗಳೂರಿನಲ್ಲಿ ಮಾಡಿದವರು ನೋಡಬೇಕಾದ ಕಟ್-ಆಫ್ ಕರ್ನಾಟಕದ್ದು, ಕೇರಳದ್ದಲ್ಲ. ಗಡಿನಾಡಿನವರಿಗೆ ಈ ಯೋಜನೆಯ ನಿಜವಾದ ಬೆಲೆ ಇಲ್ಲಿದೆ. ಕರ್ನಾಟಕದ ರಾಜ್ಯ ಸ್ಕಾಲರ್‌ಶಿಪ್ ತಾಣವಾದ ಎಸ್‌ಎಸ್‌ಪಿ ಪೋರ್ಟಲ್ ಅಲ್ಲಿನ ಕಂದಾಯ ಇಲಾಖೆಯ ಆರ್‌ಡಿ ನಂಬರಿರುವ ಜಾತಿ, ಆದಾಯ ಪ್ರಮಾಣಪತ್ರ ಕೇಳುತ್ತದೆ, ಕೇರಳದ ವಿಲೇಜ್ ಆಫೀಸಿನ ಕಾಗದಕ್ಕೆ ಆ ನಂಬರೇ ಇರುವುದಿಲ್ಲ. ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕುಗಳ ಕನ್ನಡಿಗರಿಗೆ ಕರ್ನಾಟಕದ ಸಿಇಟಿಯಲ್ಲಿ ಗಡಿನಾಡಿನವರೆಂದು ಅರ್ಹತೆ ಇದ್ದರೂ ಆ ಅರ್ಹತೆ ಸೀಟಿಗೆ, ಸ್ಕಾಲರ್‌ಶಿಪ್ಪಿಗಲ್ಲ. ಎರಡನ್ನೂ ಒಂದೇ ಎಂದುಕೊಂಡು ಕಾಲೇಜು ಸೇರಿದ ಮೇಲೆ ಪರದಾಡುವವರಿದ್ದಾರೆ.

ಈಗ ಅರ್ಜಿಯ ಕೆಲಸ. ಪೋರ್ಟಲಿನಲ್ಲಿ ಮೊದಲು ಒಟಿಆರ್, ಅಂದರೆ ಒಮ್ಮೆ ಮಾಡಿದರೆ ಓದು ಮುಗಿಯುವವರೆಗೆ ನಡೆಯುವ 14 ಅಂಕಿಗಳ ನೋಂದಣಿ ಸಂಖ್ಯೆ. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರುತ್ತದೆ. ಮಗುವಿನ ಆಧಾರ್‌ಗೆ ಅಪ್ಪನ ಹಳೆಯ ನಂಬರ್ ಕೊಟ್ಟು, ಅಪ್ಪ ಗಲ್ಫಿನಲ್ಲಿದ್ದು, ಆ ಸಿಮ್ ಎಂದೋ ಬಂದ್ ಆಗಿರುವ ಮನೆಗಳು ನಮ್ಮಲ್ಲಿ ಎಷ್ಟೋ. ಅದನ್ನು ಜೂನ್ ತಿಂಗಳಲ್ಲೇ ಸರಿಮಾಡಿಸಬೇಕು. ನಂತರ ಆಂಡ್ರಾಯ್ಡ್ ಫೋನಿನಲ್ಲಿ ಎನ್‌ಎಸ್‌ಪಿ ಒಟಿಆರ್ ಆ್ಯಪ್, ಅದರ ಜೊತೆಗೆ ಆಧಾರ್ ಫೇಸ್ ಆರ್‌ಡಿ ಆ್ಯಪ್ ಹಾಕಿಕೊಂಡು ಮುಖ ತೋರಿಸಬೇಕು. ಇಲ್ಲಿ ಸಿಕ್ಕಿಬೀಳುವುದು 15 ವಯಸ್ಸಿನಲ್ಲಿ ಮಾಡಿಸಬೇಕಾದ ಕಡ್ಡಾಯ ಬಯೊಮೆಟ್ರಿಕ್ ಅಪ್‌ಡೇಟ್ ಮಾಡಿಸದವರು. ಮೂರನೇ ಕ್ಲಾಸಿನಲ್ಲಿ ತೆಗೆದ ಫೋಟೋಕ್ಕೂ ಈಗಿನ ಮುಖಕ್ಕೂ ಯಂತ್ರ ತಾಳೆ ಹಾಕಲಾರದು, ಮತ್ತೆ ಮತ್ತೆ ವಿಫಲ ಎನ್ನುತ್ತದೆ. ಹಗಲ ಬೆಳಕಿನಲ್ಲಿ, ಕನ್ನಡಕ ತೆಗೆದು ಎರಡು ಸಲ ನೋಡಿ. ಆಗಲಿಲ್ಲವೆಂದರೆ ಆಧಾರ್ ಕೇಂದ್ರಕ್ಕೆ ಹೋಗುವುದೇ ದಾರಿ, ಅಪ್‌ಡೇಟ್ ಆಗಲು ದಿನಗಳು ಬೇಕು.

ಹೆಸರಿನ ತೊಡಕು ಗಡಿನಾಡಿನಲ್ಲಿ ಬೇರೆಲ್ಲಿಗಿಂತ ಜಾಸ್ತಿ. ಒಂದೇ ಹೆಸರನ್ನು ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಮಲಯಾಳದ ರೂಢಿಯಂತೆ, ಆಧಾರ್‌ನಲ್ಲಿ ಕನ್ನಡದ ರೂಢಿಯಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿರುತ್ತಾರೆ. ಲತಾ ಎಂಬುದಕ್ಕೆ ಒಂದು ಕಡೆ ಟಿ ನಂತರ ಎಚ್ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಶ್ವೇತಾಳ ಮೊದಲ ಎಸ್ ನಂತರ ಎಚ್ ಬಿಟ್ಟುಹೋಗಿರುತ್ತದೆ. ಶಾಲೆಯಲ್ಲಿ ಇನಿಶಿಯಲ್ ಹಿಂದೆ, ಆಧಾರ್‌ನಲ್ಲಿ ಮನೆತನದ ಹೆಸರು ಪೂರ್ತಿ. ಒಟಿಆರ್ ಹೆಸರನ್ನು ಆಧಾರ್‌ನಿಂದ ತೆಗೆದುಕೊಳ್ಳುತ್ತದೆ, ಬೋರ್ಡಿನ ಪಟ್ಟಿಯಲ್ಲಿರುವುದು ಅಂಕಪಟ್ಟಿಯ ಹೆಸರು. ಅಂಕಪಟ್ಟಿ ತಿದ್ದಿಸುವುದು ದೊಡ್ಡ ಕೆಲಸ, ಆಧಾರ್ ತಿದ್ದಿಸುವುದು ಸಣ್ಣದು. ಆದ್ದರಿಂದ ಯಾವಾಗಲೂ ಆಧಾರನ್ನು ಎಸ್‌ಎಸ್‌ಎಲ್‌ಸಿ ಪುಸ್ತಕಕ್ಕೆ ಸರಿಯಾಗಿ ಹೊಂದಿಸಿ, ತಿರುಗಾಮುರುಗಾ ಮಾಡಬೇಡಿ.

ವರಮಾನ ಪ್ರಮಾಣಪತ್ರಕ್ಕೆ ಕೇರಳದ ಜನಸೇವಾ ಕೇಂದ್ರವಾದ ಅಕ್ಷಯದ ಮೂಲಕ ಇ-ಡಿಸ್ಟ್ರಿಕ್ಟ್‌ನಲ್ಲಿ ಅರ್ಜಿ ಹಾಕಿದರೆ ವಿಲೇಜ್ ಆಫೀಸಿನಿಂದ ಬರುತ್ತದೆ. ರೇಶನ್ ಕಾರ್ಡ್, ಭೂ ತೆರಿಗೆ ರಶೀದಿ, ಸಂಬಳದವರಿದ್ದರೆ ಅದರ ಪತ್ರ ಇಟ್ಟುಕೊಳ್ಳಿ. ಅಡಿಕೆ ತೋಟದವರ ವರಮಾನ ವರ್ಷದಿಂದ ವರ್ಷಕ್ಕೆ ಏರಿಳಿಯುವುದರಿಂದ ಹಿಂದಿನ ವರ್ಷದ ಕಾಗದವನ್ನು ಅಪ್‌ಲೋಡ್ ಮಾಡುವುದು ಅಪಾಯ, ಆ ಸಾಲಿನದ್ದೇ ಬೇಕು. ವಿದೇಶದ ದುಡಿಮೆ ಕೂಡ ಕುಟುಂಬದ ವರಮಾನವೇ, ಅದನ್ನು ಬಿಟ್ಟು ಬರೆಸಿದರೆ ಮುಂದೆ ಪರಿಶೀಲನೆಯಲ್ಲಿ ಮಗುವಿನ ತಲೆಗೆ ಬರುತ್ತದೆ. ಒಬಿಸಿಯವರು ಇನ್ನೊಂದು ವಿಷಯ ತಿಳಿದಿರಬೇಕು: ರಾಜ್ಯದ ಉದ್ದೇಶಕ್ಕೆ ನಾನ್-ಕ್ರೀಮಿಲೇಯರ್ (ಕೆನೆಪದರದಲ್ಲಿಲ್ಲ ಎಂಬ) ಪ್ರಮಾಣಪತ್ರ ಕೊಡುವುದು ವಿಲೇಜ್ ಆಫೀಸರ್, ಕೇಂದ್ರದ ಉದ್ದೇಶಕ್ಕೆ ತಹಶೀಲ್ದಾರ್. ಇದು ಕೇಂದ್ರದ ಯೋಜನೆ. ಅಕ್ಷಯದಲ್ಲಿ ಅರ್ಜಿ ಹಾಕಿಸುವಾಗಲೇ ಅದನ್ನು ಬಿಡಿಸಿ ಹೇಳಿ.

ಹೆಚ್ಚು ಹಣ ದಾರಿತಪ್ಪುವುದು ಬ್ಯಾಂಕಿನ ಮೆಟ್ಟಿಲಲ್ಲಿ. ಈ ಹಣ ಖಾತೆ ಸಂಖ್ಯೆ ನೋಡಿ ಬರುವುದಿಲ್ಲ, ಆಧಾರ್ ನೋಡಿ ಬರುತ್ತದೆ. ರಾಷ್ಟ್ರೀಯ ಪಾವತಿ ನಿಗಮ ಎನ್‌ಪಿಸಿಐಯ ಪಟ್ಟಿಯಲ್ಲಿ ನಿಮ್ಮ ಆಧಾರ್‌ಗೆ ಕೊನೆಯದಾಗಿ ಸೀಡ್ ಆದ, ಅಂದರೆ ಜೋಡಣೆಯಾದ ಖಾತೆ ಯಾವುದೋ ಅಲ್ಲಿಗೆ ಹೋಗುತ್ತದೆ. ಖಾತೆ ತೆರೆಯುವಾಗ ಆಧಾರ್ ಪ್ರತಿ ಕೊಟ್ಟಿದ್ದೇನೆ ಎಂದರೆ ಅದು ಕೆವೈಸಿ, ಸೀಡಿಂಗ್ ಅಲ್ಲ. ಸೀಡಿಂಗಿಗೆ ಬೇರೆ ಒಪ್ಪಿಗೆ ಪತ್ರ ಬರೆದುಕೊಡಬೇಕು. ನಮ್ಮ ಊರುಗಳಲ್ಲಿ ಮನೆಯ ವ್ಯವಹಾರವೆಲ್ಲ ಸರ್ವೀಸ್ ಸಹಕಾರಿ ಬ್ಯಾಂಕಿನಲ್ಲಿ. ಅದು ಸಾಮಾನ್ಯವಾಗಿ ಈ ಆಧಾರ್ ಪಾವತಿ ಜಾಲದೊಳಗೆ ಇಲ್ಲ, ಮಗುವಿಗೆ ವಾಣಿಜ್ಯ ಬ್ಯಾಂಕ್ ಅಥವಾ ಗ್ರಾಮೀಣ ಬ್ಯಾಂಕಿನಲ್ಲಿ ಖಾತೆ ಬೇಕು. ಕೇರಳದಲ್ಲಿ ಒಂದು, ಮಂಗಳೂರಿನ ಕಾಲೇಜಿನ ಪಕ್ಕದಲ್ಲಿ ಇನ್ನೊಂದು, ಸಿಮ್ ಕೊಂಡಾಗ ತೆರೆದ ಪೇಮೆಂಟ್ಸ್ ಬ್ಯಾಂಕಿನದು ಮತ್ತೊಂದು ಖಾತೆ ಇದ್ದರೆ ಹಣ ಎಲ್ಲಿ ಬಿತ್ತೆಂದು ಹುಡುಕುವುದೇ ಕೆಲಸವಾಗುತ್ತದೆ. ಯುಐಡಿಎಐಯ ಮೈ ಆಧಾರ್ ತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಎಂಬಲ್ಲಿ ಒಟಿಪಿ ಹಾಕಿದರೆ ಬ್ಯಾಂಕಿನ ಹೆಸರು ತೋರಿಸುತ್ತದೆ. ಅರ್ಜಿ ಹಾಕುವ ಮೊದಲು ಒಮ್ಮೆ, ಹಣ ಬರುವ ಕಾಲಕ್ಕೆ ಇನ್ನೊಮ್ಮೆ ನೋಡಿ.

ಅರ್ಜಿ ಫೈನಲ್ ಸಬ್ಮಿಟ್ ಮಾಡಿದ ಮೇಲೆ ಮೊದಲ ಪರಿಶೀಲನೆ ಕಾಲೇಜಿನ ನೋಡಲ್ ಅಧಿಕಾರಿಯದು, ಎರಡನೆಯದು ಮೇಲಿನ ಹಂತದ್ದು. ಮುದ್ರಿತ ಅರ್ಜಿ ಮತ್ತು ಕಾಗದಗಳನ್ನು ಕಾಲೇಜಿಗೆ ಕೊಟ್ಟರೆ ಸಾಲದು, ಪೋರ್ಟಲಿನಲ್ಲಿ ಅವರು ಒಪ್ಪಿಗೆ ಒತ್ತಿದ್ದಾರೆಯೇ ಎಂದು ವಾರಕ್ಕೊಮ್ಮೆ ಲಾಗಿನ್ ಆಗಿ ನೋಡಬೇಕು. ಡಿಫೆಕ್ಟಿವ್ ಎಂದು ಬಂದರೆ ಗಾಬರಿ ಬೇಡ: ಏನೋ ಕಾಗದ ಸರಿಯಿಲ್ಲ, ತಿದ್ದಿ ಮತ್ತೆ ಕಳುಹಿಸಿ ಎಂದರ್ಥ, ಆದರೆ ಅದಕ್ಕೂ ಕೊನೆಯ ದಿನ ಇರುತ್ತದೆ. ಗಡುವು ಸಾಮಾನ್ಯವಾಗಿ ಅಕ್ಟೋಬರ್ ಕೊನೆ. ಮುಂದೂಡುತ್ತಾರೆಂದು ಕಾಯುವುದು ಒಳ್ಳೆಯ ಲೆಕ್ಕಾಚಾರವಲ್ಲ.

ಬೇರೆ ಯಾವ ಸ್ಕಾಲರ್‌ಶಿಪ್, ಫೀಸು ವಿನಾಯಿತಿಯ ಜೊತೆಗೂ ಇದನ್ನು ಪಡೆಯುವಂತಿಲ್ಲ. ಎಸ್‌ಸಿ, ಎಸ್‌ಟಿ, ಒಇಸಿ (ಇತರ ಅರ್ಹ ಸಮುದಾಯ) ಕುಟುಂಬಗಳ ಮಕ್ಕಳು ಇಲ್ಲಿ ನಿಂತು ಯೋಚಿಸಬೇಕು. ಅವರಿಗೆ ಕೇರಳ ಸರಕಾರದ ಇ-ಗ್ರಾಂಟ್ಸ್ ಎಂಬ ವಿದ್ಯಾರ್ಥಿ ನೆರವು ಹೆಚ್ಚು ಉಪಯೋಗದ್ದು, ಅದು ಡಿಪ್ಲೊಮಾಕ್ಕೂ ಬಿ.ಎಡ್.ಗೂ ಉಂಟು. ಟೀಚರಾಗುವ ಇಡೀ ದಾರಿಯನ್ನು ನಡೆಸಿಕೊಂಡು ಹೋಗುವುದು ಅದೇ. ಸರಕಾರಿ ಮತ್ತು ಏಡೆಡ್ ಕಾಲೇಜಿನ ಪದವಿಯವರಿಗೆ ಕೇರಳ ಉನ್ನತ ಶಿಕ್ಷಣ ಮಂಡಳಿಯ ಹೈಯರ್ ಎಜುಕೇಶನ್ ಸ್ಕಾಲರ್‌ಶಿಪ್ ಇನ್ನೊಂದು ಆಯ್ಕೆ: ಮೊದಲ ವರ್ಷ 12,000, ಎರಡನೇ ವರ್ಷ 18,000, ಮೂರನೆಯದಕ್ಕೆ 24,000. ಒಟ್ಟು 54,000, ಅಂದರೆ ಕೇಂದ್ರದ್ದಕ್ಕಿಂತ ಮೂರು ವರ್ಷಕ್ಕೆ 18,000 ಹೆಚ್ಚು. ಅಲ್ಲಿ ಹ್ಯುಮಾನಿಟೀಸನ್ನು ಸಮಾಜ ವಿಜ್ಞಾನದಿಂದ ಬೇರೆಯಾಗಿಯೇ ಪರಿಗಣಿಸುತ್ತಾರೆ, ಕನ್ನಡ ಬಿ.ಎ. ಓದುವವರಿಗೆ ಅದು ಅನುಕೂಲ. ಅಧಿಸೂಚನೆ ಬಂದ ವರ್ಷ ಕನ್ನಡ ಬಿ.ಎ. ಮಕ್ಕಳು ಮೊದಲು ಅದಕ್ಕೆ ಅರ್ಜಿ ಹಾಕಬೇಕು, ಕೇಂದ್ರದ್ದು ಎರಡನೆಯದು. ಗಡಿಯಾಚೆಯ ಕಾಲೇಜಿನವರಿಗೆ ಮಾತ್ರ ಕೇಂದ್ರದ್ದೇ ಮೊದಲು.

ಸಿಕ್ಕಿದ ಮೇಲೆ ಕಳೆದುಕೊಳ್ಳುವುದು ರಿನ್ಯೂವಲ್‌ನಲ್ಲಿ. ಪ್ರತಿ ವರ್ಷ ಅರ್ಜಿ ಹಾಕಬೇಕು, ತಾನಾಗಿ ಮುಂದುವರಿಯುವುದಿಲ್ಲ. ಎರಡನೇ ವರ್ಷ ಗೊತ್ತಿಲ್ಲದೆ ಮತ್ತೆ ಫ್ರೆಶ್ ಎಂದು ಹಾಕಿದರೆ ಹೊಸಬರ ಸಾಲಿಗೆ ಹೋಗಿ ತಿರಸ್ಕಾರವಾಗುತ್ತದೆ. ಶೇ. 50 ಅಂಕ, ಶೇ. 75 ಹಾಜರಿ ಬೇಕು. ಅಂಕ ಸುಲಭ, ಹಾಜರಿ ತಪ್ಪುವುದು ಯುವಜನೋತ್ಸವ, ಎನ್‌ಎಸ್‌ಎಸ್ ಕ್ಯಾಂಪಿನ ದಿನಗಳನ್ನು ದಾಖಲೆಗೆ ಸೇರಿಸದೆ ಬಿಟ್ಟಾಗ. ಕ್ಯಾಂಪ್ ಮುಗಿದ ವಾರವೇ ಆ ಪತ್ರವನ್ನು ಡಿಪಾರ್ಟ್‌ಮೆಂಟಿಗೆ ಕೊಟ್ಟು ಹಾಕಿಸಿಕೊಳ್ಳಬೇಕು. ವಿಶ್ವವಿದ್ಯಾಲಯದ ಫಲಿತಾಂಶ ತಡವಾಗಿ ರಿನ್ಯೂವಲ್ ಗಡುವು ಹತ್ತಿರ ಬಂದರೆ ಕಾಲೇಜಿನ ನೋಡಲ್ ಅಧಿಕಾರಿಯಲ್ಲಿ ಮೊದಲೇ ಮಾತನಾಡಿ. ಗಡುವು ಮುಗಿದ ಮೇಲೆ ಯಾರ ಕೈಯಲ್ಲೂ ಏನೂ ಇರುವುದಿಲ್ಲ. ಅರ್ಜಿ ಸಂಖ್ಯೆ, ಒಟಿಆರ್ ಸಂಖ್ಯೆ, ಆ ವರ್ಷದ ವರಮಾನ ಪ್ರಮಾಣಪತ್ರ, ಅಂಕಪಟ್ಟಿ ಇಷ್ಟನ್ನೂ ಒಂದೇ ಫೈಲಿನಲ್ಲಿ ಇಟ್ಟು, ಆ ಫೈಲನ್ನು ಹಾಸ್ಟೆಲಿನಲ್ಲಿ ಅಲ್ಲ, ಮನೆಯಲ್ಲಿ ಐದು ವರ್ಷ ಜೋಪಾನವಾಗಿ ಇಡಬೇಕು.